ನಿಮ್ಮ ‘ಸೈಬರ್ ದಾಳಿ ಪತ್ತೆ’ ಲೇಖನದ ಬಗ್ಗೆ

ನಮಸ್ಕಾರ.

ಸೈಬರ್ ದಾಳಿಗಳನ್ನು ಪತ್ತೆ ಮಾಡುವ ವಿಧಾನಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯ ನಿಮಗೆ ಚೆನ್ನಾಗಿ ಗೊತ್ತಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಏಳು ವಿಧಾನಗಳ ಹೆಸರು ಹೇಳಿದ್ದೀರಿ, ಎಲ್ಲೂ ಯಾರೂ ಸಿಕ್ಕಿಬೀಳುವುದಿಲ್ಲ. ಪತ್ತೆಯ ಬಗ್ಗೆ ಬರೆದ ಮೇಲೆ ಒಂದಾದರೂ ಪತ್ತೆ ಇರಬೇಕು, ಅಲ್ವಾ?

‘ಇಂದಿನ ಡಿಜಿಟಲ್ ಯುಗದಲ್ಲಿ’ ಎಂದು ಶುರುವಾಗುವ ಮೊದಲ ಎರಡು ಪ್ಯಾರಾ ತೆಗೆದುಹಾಕಿ. ಯಾರಿಗೂ ನಷ್ಟವಿಲ್ಲ.

ಅಮೆರಿಕದ ಸಾಫ್ಟ್‌ವೇರ್ ಕಂಪನಿ ಸೋಲಾರ್‌ವಿಂಡ್ಸ್‌ನ ಪ್ರಕರಣ ನಿಮ್ಮಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ನಿಜವಾದ ಲೇಖನ ಅಲ್ಲೇ ಇದೆ. ಸಿಗ್ನೇಚರ್ ವಿಧಾನ, ಅಂದರೆ ಗೊತ್ತಿರುವ ದಾಳಿಗಳ ಗುರುತಿನ ಜೊತೆ ಹೋಲಿಸಿ ನೋಡುವುದು, ಠಾಣೆಯ ಗೋಡೆಗೆ ಹಾಕಿದ ಹಳೇ ಕಳ್ಳರ ಫೋಟೋ ಇದ್ದ ಹಾಗೆ. ಹೊಸಬ ಬಂದರೆ ಗುರುತು ಹತ್ತುವುದಿಲ್ಲ. 2020ರಲ್ಲಿ ಆಗಿದ್ದೂ ಅದೇ. ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ) ಆ ಕಂಪನಿಯ ಒರಾಯನ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಒಳಗೇ ಕೂತಿತ್ತು. ಅದಕ್ಕೆ ಕಂಪನಿಯದೇ ಡಿಜಿಟಲ್ ಸಹಿ ಬೇರೆ! ಇನ್‌ಸ್ಟಾಲ್ ಆದ ಮೇಲೂ ಸುಮಾರು ಎರಡು ವಾರ ತೆಪ್ಪಗಿರುತ್ತಿತ್ತು. ಕೊನೆಗೆ ಎಳೆ ಸಿಕ್ಕಿದ್ದು ಫೈರ್‌ಐ ಎಂಬ ಸೆಕ್ಯುರಿಟಿ ಕಂಪನಿಗೆ. ಅವರ ಮನೆಗೂ ಕನ್ನ ಬಿದ್ದಿತ್ತು ಅನ್ನಿ. ಉದ್ಯೋಗಿಯೊಬ್ಬರ ಲಾಗಿನ್‌ಗೆ ಎರಡನೇ ಫೋನ್ ನೋಂದಣಿಯಾಗಿದ್ದು ಅಲ್ಲಿನವರ ಕಣ್ಣಿಗೆ ಬಿತ್ತು. ಇದು ನಿಮ್ಮದಾ ಎಂದು ಅವರನ್ನೇ ಕೇಳಿದರು. ಅಲ್ಲ ಅಂದರು. ನೀವು ಒಂದಿಡೀ ಪುಟ ವಿವರಿಸಿದ ‘ಅನಾಮಲಿ ಡಿಟೆಕ್ಷನ್’, ಅಂದರೆ ಮಾಮೂಲಿಗಿಂತ ಬೇರೆಯಾಗಿರುವುದನ್ನು ಗುರುತಿಸುವುದು, ಇದೇ ಅಲ್ಲವೇ? ಓದುಗರಿಗೆ ಈ ಫೋನ್ ನೆನಪಿರುತ್ತದೆ, ನಿಮ್ಮ ವ್ಯಾಖ್ಯೆ ಅಲ್ಲ.

‘ಎಐ ಬಂದ ಮೇಲೆ ಯಾವ ದಾಳಿಯೂ ತಪ್ಪಿಸಿಕೊಳ್ಳಲಾರದು’ ಎಂದಿದ್ದೀರಿ. ಇದು ತಪ್ಪು. ದಿನಕ್ಕೆ 10 ಲಕ್ಷ ಲಾಗಿನ್ ನೋಡುವ ವ್ಯವಸ್ಥೆ ನೂರಕ್ಕೆ ಒಂದು ಸಲ ಸುಳ್ಳು ಎಚ್ಚರಿಕೆ ಕೊಟ್ಟರೂ 10,000 ಅಲರ್ಟ್ ಆಯಿತು. ಪಾಳಿಯಲ್ಲಿ ಕೂತ ನಾಲ್ಕು ಜನ ಅದನ್ನೆಲ್ಲ ತೆರೆದು ನೋಡುತ್ತಾರಾ? 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕಳುವಾಯಿತು. ಅಲರ್ಟ್ ಬಂದಿತ್ತು. ತಕ್ಷಣ ಏನೂ ಮಾಡಬೇಕಿಲ್ಲ ಎಂದು ಅಲ್ಲಿನವರು ತೀರ್ಮಾನಿಸಿದ್ದರು. ಪತ್ತೆ ಮಾಡುವುದಕ್ಕಿಂತ ನಂಬುವುದೇ ಜಾಸ್ತಿ ಕಷ್ಟ. ಅದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಇಂಥ ಅಲರ್ಟ್‌ಗಳನ್ನೇ ನೋಡುವ ಕೆಲಸ ನಿಮ್ಮದು ಎಂದು ಪತ್ರದಲ್ಲಿ ಬರೆದಿದ್ದೀರಿ. ಲೇಖನದಲ್ಲಿ ಅದರ ಸುಳಿವೇ ಇಲ್ಲವಲ್ಲ! ಯಾವ ಅಲರ್ಟ್ ಮೊದಲು ತೆರೆಯುತ್ತೀರಿ, ಯಾವುದನ್ನು ನೋಡಿದ ಕೂಡಲೇ ಮುಚ್ಚುತ್ತೀರಿ, ಯಾಕೆ? ಅದನ್ನು ಬರೆಯಿರಿ. ಗ್ರಾಹಕರ ಹೆಸರು, ಐಪಿ ವಿಳಾಸ ಬೇಡ. 800 ಪದ ಸಾಕು. ಮುಂದಿನ ತಿಂಗಳು 10ರೊಳಗೆ ಕಳಿಸಿದರೆ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ