ಮೊಳೆಯದ ಕಾಳಿಗೆ ನೀರೇ ಕಾರಣವೇ?

ಓದುಗರ ಪತ್ರ: ನಮ್ಮ ಮಗಳು ಒಂಬತ್ತನೇ ತರಗತಿ. ಶಾಲೆಯ ಪ್ರಾಜೆಕ್ಟ್‌ಗೆಂದು ಒಂದು ತಟ್ಟೆಯಲ್ಲಿ ಕಾವೇರಿ ನೀರು, ಇನ್ನೊಂದರಲ್ಲಿ ಬೋರ್ ನೀರು ಹಾಕಿ ಹತ್ತು ಹತ್ತು ಹೆಸರುಕಾಳು ಇಟ್ಟಳು. ಮೂರನೇ ದಿನಕ್ಕೆ ಕಾವೇರಿಯಲ್ಲಿ 9, ಬೋರ್‌ನಲ್ಲಿ 6 ಮೊಳೆತವು. ‘ಬೋರ್ ನೀರು ಗಿಡಗಳಿಗೆ ಒಳ್ಳೆಯದಲ್ಲ’ ಎಂದು ಬರೆದುಕೊಟ್ಟಳು. ನಾವೂ ತಾರಸಿಯ ಕುಂಡಗಳಿಗೆ ಬೋರ್ ನೀರು ನಿಲ್ಲಿಸಿದ್ದೇವೆ. ಇದು ಸರಿಯೇ?
— ಒಬ್ಬ ಓದುಗರು, ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ: ಎಣಿಕೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಎಣಿಕೆಯಿಂದ ಈ ತೀರ್ಮಾನ ಹೊರಡುವುದಿಲ್ಲ. ನೀರನ್ನು ದೂರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು: ಎರಡೂ ತಟ್ಟೆಗೆ ಒಂದೇ ನೀರು ಹಾಕಿದ್ದರೂ ಇಷ್ಟು ವ್ಯತ್ಯಾಸ ಬರಬಹುದಿತ್ತೇ?

ಉತ್ತರ ಮನೆಯಲ್ಲೇ ಸಿಗುತ್ತದೆ. ಇಪ್ಪತ್ತು ಚೀಟಿ ಮಾಡಿ. ಎರಡೂ ತಟ್ಟೆ ಸೇರಿ ಮೊಳೆತದ್ದು 15, ಆದ್ದರಿಂದ 15 ಚೀಟಿಯ ಮೇಲೆ ‘ಮೊಳೆತಿದೆ’, ಉಳಿದ 5ರ ಮೇಲೆ ‘ಇಲ್ಲ’ ಎಂದು ಬರೆಯಿರಿ. ಮಡಚಿ, ಚೆನ್ನಾಗಿ ಕಲಸಿ, ಹತ್ತು ಹತ್ತರ ಎರಡು ಗುಂಪು ಮಾಡಿ ಎಣಿಸಿ. ಕೆಲವು ಸಲ 8–7 ಬರುತ್ತದೆ, ಕೆಲವು ಸಲ 9–6, ಅಪರೂಪಕ್ಕೆ 10–5. ನೂರು ಸಲ ಹೀಗೆ ಮಾಡಿದರೆ ಸುಮಾರು 30 ಸಲ ವ್ಯತ್ಯಾಸ ಮೂರು ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಗಣಿತದ ಲೆಕ್ಕವೂ ಶೇ. 30 ಎಂದೇ ಹೇಳುತ್ತದೆ. ಚೀಟಿಗೆ ಕಾವೇರಿಯೂ ಗೊತ್ತಿಲ್ಲ, ಬೋರೂ ಗೊತ್ತಿಲ್ಲ. ಹಾಗೆಂದು ಎರಡೂ ನೀರು ಒಂದೇ ಎಂದು ಸಾಬೀತಾಯಿತೆಂದಲ್ಲ. ಹತ್ತು ಕಾಳಿನಿಂದ ಇತ್ತಲೂ ಹೇಳಲಾಗದು, ಅತ್ತಲೂ ಹೇಳಲಾಗದು. ನೂರು ನೂರು ಕಾಳಿನಲ್ಲಿ 90–60 ಬಂದಿದ್ದರೆ ಮಾತು ಬೇರೆ. ಅಷ್ಟು ಅಂತರ ಬರೀ ಆಕಸ್ಮಿಕವಾಗಿ ಬರುವುದು ಲಕ್ಷಕ್ಕೊಂದು ಸಲವೂ ಇಲ್ಲ.

ಇನ್ನೊಂದು ವಿಷಯ ವರದಿಗಳಲ್ಲಿ ಯಾರೂ ಬರೆಯುವುದಿಲ್ಲ: ಬೋರ್ ತಟ್ಟೆಯಲ್ಲಿ ಮೊಳೆಯದ ಆ ನಾಲ್ಕು ಕಾಳು ಹೇಗಿದ್ದವು? ಹೆಸರುಕಾಳಿನಲ್ಲಿ ಕೆಲವಕ್ಕೆ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಅವು ಮೂರು ದಿನ ನೆನೆದರೂ ಉಬ್ಬದೆ ಕಲ್ಲಾಗಿ ಉಳಿಯುತ್ತವೆ. ಅಂಥವು ಬೋರ್ ತಟ್ಟೆಗೆ ಮೂರು ಬಿದ್ದಿದ್ದರೆ ಅದು ಬೀಜದ ಗುಣ, ನೀರಿನದಲ್ಲ. ಉಬ್ಬಿ, ಲೋಳೆಯಾಗಿ, ವಾಸನೆ ಬಂದಿದ್ದರೆ ಕಾಳು ಮೊದಲೇ ಸತ್ತಿರಬಹುದು, ಇಲ್ಲವೇ ನೀರು ಹೆಚ್ಚಾಗಿ ಮುಳುಗಿ ಉಸಿರುಕಟ್ಟಿರಬಹುದು. ಮೊಳೆಯುವ ಬೀಜಕ್ಕೆ ಆಮ್ಲಜನಕ ಬೇಕೇ ಬೇಕು. ಒಂದು ತಟ್ಟೆಗೆ ತುಸು ಜಾಸ್ತಿ ನೀರು ಸುರಿದರೂ ಸಾಕು, ಪ್ರಯೋಗ ಕೆಡುತ್ತದೆ.

ಮತ್ತೆ ಮಾಡುವುದಾದರೆ ಹೀಗೆ ಮಾಡಲಿ. ಒಂದೇ ಪೊಟ್ಟಣದಿಂದ 400 ಕಾಳು, ಅಂದರೆ ಹೆಚ್ಚೆಂದರೆ ಒಂದು ಹಿಡಿ. ಒಡೆದದ್ದು, ಹುಳು ತಿಂದದ್ದನ್ನು ಹಂಚುವ ಮೊದಲೇ ತೆಗೆಯಬೇಕು, ಆಮೇಲೆ ಆರಿಸುವಂತಿಲ್ಲ. ಮುಚ್ಚಳವಿರುವ ಒಂದೇ ಅಳತೆಯ 16 ಡಬ್ಬಿ, ಪ್ರತಿಯೊಂದರಲ್ಲೂ ಮಡಚಿದ ಟಿಶ್ಯೂ ಪೇಪರ್, ಅದರ ಮೇಲೆ 25 ಕಾಳು. ಸೂಜಿಯಿಲ್ಲದ ಸಿರಿಂಜ್‌ನಿಂದ ಅಳೆದು 10 ಮಿ.ಲೀ. ನೀರು. ನಾಲ್ಕು ಡಬ್ಬಿಗೆ ಕಾವೇರಿ, ನಾಲ್ಕಕ್ಕೆ ಬೋರ್, ನಾಲ್ಕಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ (ಆಸಿಡ್ ಅಲ್ಲ, ನೋಡಿ ತನ್ನಿ). ಉಳಿದ ನಾಲ್ಕಕ್ಕೆ ಅದೇ ಡಿಸ್ಟಿಲ್ಡ್ ವಾಟರ್‌ಗೆ ಲೀಟರಿಗೆ 10 ಗ್ರಾಂನಂತೆ ಉಪ್ಪು ಬೆರೆಸಿ. ಈ ಉಪ್ಪಿನ ಡಬ್ಬಿಗಳಲ್ಲಿ ಮೊಳಕೆ ತಡವಾಗಬೇಕು, ಬೇರು ಗಿಡ್ಡವಾಗಬೇಕು. ಅಲ್ಲೂ ಏನೂ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಪ್ರಯೋಗಕ್ಕೆ ಹಾನಿಯನ್ನು ಗುರುತಿಸುವ ಶಕ್ತಿಯೇ ಇಲ್ಲ ಎಂದರ್ಥ.

ನಾಲ್ಕೂ ನೀರನ್ನು ಹಿಂದಿನ ರಾತ್ರಿಯೇ ಬಾಯಿ ತೆರೆದ ಪಾತ್ರೆಗಳಲ್ಲಿ ಒಂದೇ ಕೋಣೆಯಲ್ಲಿಡಿ. ಟ್ಯಾಂಕಿನ ನೀರು ಬಿಸಿ, ಸಂಪಿನದು ತಣ್ಣಗೆ ಎಂಬ ಭೇದ ಹೋಗುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕದಿಂದ ಕ್ಲೋರಿನ್ ಬೆರೆತು ಬರುತ್ತದೆ, ತೆರೆದಿಟ್ಟರೆ ಅದೂ ಬಹುಮಟ್ಟಿಗೆ ಹಾರಿಹೋಗುತ್ತದೆ. (ಕ್ಲೋರಿನ್ನಿನದೇ ಪರಿಣಾಮ ನೋಡಬೇಕೆಂದರೆ ಅದು ಬೇರೆ ಪ್ರಯೋಗ, ಎರಡನ್ನೂ ಕಲಸಬೇಡಿ.) ಯಾವ ಡಬ್ಬಿ ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಒಂದು ನೀರಿನವೆಲ್ಲ ಕಿಟಕಿಯ ಪಕ್ಕ ಕುಳಿತರೆ ನೀವು ಅಳೆಯುವುದು ಕಿಟಕಿಯನ್ನು. ಡಬ್ಬಿಗಳ ಮೇಲೆ 1ರಿಂದ 16ರ ಸಂಖ್ಯೆ ಮಾತ್ರ ಇರಲಿ. ಯಾವುದು ಯಾವ ನೀರು ಎಂಬ ಪಟ್ಟಿ ನಿಮ್ಮ ಬಳಿ ಇರಲಿ, ಎಣಿಸುವವಳು ಮಗಳಾಗಲಿ. ಬೇರು 2 ಮಿ.ಮೀ. ಹೊರಬಂದರೆ ಮಾತ್ರ ‘ಮೊಳೆತಿದೆ’ ಎಂಬ ನಿಯಮವನ್ನು ಮೊದಲೇ ಬರೆದಿಡಿ. 24, 48, 72 ಗಂಟೆಗೆ ಎಣಿಕೆ.

ಒಂದೇ ತಟ್ಟೆಯಲ್ಲಿ 100 ಕಾಳು ಇಡಬಾರದೇಕೆ ಎಂದು ಮಗಳು ಕೇಳಿಯಾಳು. ಆ ಒಂದು ತಟ್ಟೆಗೆ ಬೂಷ್ಟು ಹಿಡಿದರೆ ನೂರೂ ಒಟ್ಟಿಗೆ ಹೋಗುತ್ತವೆ, ನಮಗದು ನೀರಿನ ಪ್ರಭಾವದಂತೆ ಕಾಣುತ್ತದೆ. ಬೀಜ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮದಲ್ಲೂ 400 ಬೀಜವನ್ನು ನೂರರಂತೆ ನಾಲ್ಕು ಭಾಗ ಮಾಡಿಯೇ ಇಡುತ್ತಾರೆ. ಕಾವೇರಿಯ ನಾಲ್ಕು ಡಬ್ಬಿಗಳಲ್ಲೇ 19ರಿಂದ 24ರವರೆಗೆ ಏರಿಳಿತವಿದ್ದರೆ, ಕಾವೇರಿಗೂ ಬೋರ್‌ಗೂ ನಡುವಿನ ಎರಡು-ಮೂರು ಕಾಳಿನ ಅಂತರಕ್ಕೆ ಬೆಲೆ ಕೊಡಬೇಡಿ.

ಇನ್ನು ಕುಂಡಗಳ ವಿಚಾರ. ಮೊಳಕೆಗೂ ಗಿಡಕ್ಕೂ ನೇರ ಹೋಲಿಕೆ ಸಲ್ಲದು. ಮೊದಲ ದಿನಗಳಲ್ಲಿ ಮೊಳಕೆ ಬೇಳೆಯೊಳಗಿನ ಆಹಾರವನ್ನೇ ಉಣ್ಣುತ್ತದೆ. ಲೀಟರಿಗೆ ಒಂದು ಗ್ರಾಂನಷ್ಟು ಲವಣವಿರುವ ಬೋರ್ ನೀರಿನಲ್ಲೂ ಹೆಸರುಕಾಳು ಸಾಮಾನ್ಯವಾಗಿ ಮೊಳೆಯುತ್ತದೆ. ಕುಂಡದಲ್ಲಿ ಹಾಗಲ್ಲ, ನೀರು ಆವಿಯಾದಂತೆ ಲವಣ ಮಣ್ಣಿನಲ್ಲೇ ಕೂರುತ್ತದೆ. ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯೇ? ಗುಲಾಬಿ, ದಾಸವಾಳ, ನಿಂಬೆಯ ಹೊಸ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದು ಹಳದಿಯಾಗಿದೆಯೇ? ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಸಿಗದಾಗ ಹೀಗಾಗುತ್ತದೆ. ಅಂದರೆ ಬೋರ್ ನೀರು ನಿಲ್ಲಿಸಿದ ನಿಮ್ಮ ನಿರ್ಧಾರ ಸರಿಯೇ ಇರಬಹುದು, ಆದರೆ ಅದಕ್ಕೆ ಆ ಹತ್ತು ಕಾಳು ಸಾಕ್ಷಿಯಲ್ಲ. ಈ ಲಕ್ಷಣಗಳಿಲ್ಲದಿದ್ದರೆ ಕಾವೇರಿ ನೀರನ್ನು ಕುಡಿಯಲು ಉಳಿಸಿ, ಕುಂಡಗಳಿಗೆ ಬೋರ್ ನೀರನ್ನೇ ಹಾಕಿ. ತಿಂಗಳಿಗೊಮ್ಮೆ ಮಳೆನೀರನ್ನೋ ಇರುವ ನೀರನ್ನೋ ತಳದ ತೂತಿನಿಂದ ಧಾರಾಳವಾಗಿ ಹರಿಯುವವರೆಗೆ ಹಾಕಿ, ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.