ಕೊಳದ ಮೀನು ಉಳಿಯಬೇಕು, ಹಕ್ಕಿಯ ಫೋಟೊವೂ ಬೇಕು ಎಂದರೆ

ತೀರ್ಥಹಳ್ಳಿಯ ನಿಮ್ಮ ಹಿತ್ತಲ ಕೊಳದಲ್ಲಿ ಬಣ್ಣದ ಮೀನು ದಿನಕ್ಕೆರಡು ಕಾಣೆಯಾಗುತ್ತಿರುವುದಕ್ಕೆ ನೀವು ಶಂಕಿಸಿದ ಮಿಂಚುಳ್ಳಿಗಿಂತ ಕೊಳದ ಬಕವೇ ಕಾರಣವಿರಬೇಕು. ನೀವು ಕಳಿಸಿದ ಕೊಳದ ಚಿತ್ರದಲ್ಲಿ ದಂಡೆಯ ನೀರು ಗೇಣುದ್ದವೂ ಇಲ್ಲ. ಬಕಕ್ಕೆ ಕಾಲೂರಲು ಅಷ್ಟು ಸಾಕು. ಮಣ್ಣಿನ ಬಣ್ಣದ ಈ ಹಕ್ಕಿ ಕುತ್ತಿಗೆ ಒಳಗೆಳೆದುಕೊಂಡು ಕೂತರೆ ಕಲ್ಲೆಂದೇ ತೋರುತ್ತದೆ, ಹಾರಿದಾಗ ಮಾತ್ರ ಬಿಳಿ ರೆಕ್ಕೆ ಫಳಕ್ಕನೆ ಬಿಚ್ಚಿಕೊಳ್ಳುತ್ತದೆ.

ಮೊದಲು ದಂಡೆಯ ಇಳಿಜಾರು ತೆಗೆದು, ಅಂಚನ್ನು ನೇರವಾಗಿ ಕಡಿದು 2 ಅಡಿ ಆಳ ಮಾಡಿ. ನನ್ನ ಕೊಳದಲ್ಲಿ ಅರ್ಧ ತೊಂದರೆ ಇದರಿಂದಲೇ ನಿಂತಿತು. ಆಮೇಲೆ ಮೀನು ಅಡಗಲು ತಳದಲ್ಲಿ ಒಡೆದ ಮಡಕೆ, ಪೈಪ್ ತುಂಡು ಇಡಿ. ಕೊನೆಗೆ ಅಡಕೆ ದಬ್ಬೆಗಳನ್ನು ಎರಡು ಬೆರಳಿನ ಅಂತರದಲ್ಲಿ ಮೇಲೆ ಹಾಸಿ. ತೆಳು ನೈಲಾನ್ ಬಲೆಯನ್ನು ದಯವಿಟ್ಟು ಹಾಕಬೇಡಿ. ಅಂಥ ಬಲೆಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದ ಕೇರೆಹಾವನ್ನು ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದ್ದೇನೆ. ದಾರ ಹುರುಪೆಯೊಳಗೆ ಇಳಿದಿತ್ತು.

ಇಷ್ಟಾದರೂ ಮೀನು ಕಡಿಮೆಯಾದರೆ ಸಂಜೆ, ಬೆಳಿಗ್ಗೆ ಎರಡು ಹೊತ್ತೂ ಎಣಿಸಿ. ರಾತ್ರಿಯೇ ಹೋಗುತ್ತಿದ್ದರೆ ನೀರುಹಾವಿರಬಹುದು, ಹೊಳೆ ಹತ್ತಿರವಿದ್ದರೆ ನೀರುನಾಯಿಯೂ ಇರಬಹುದು. ನೋಡದೆ ಖಚಿತವಾಗಿ ಹೇಳಲಾರೆ.

ಇನ್ನು ನೀವು ಬಯಸಿದ ಮಿಂಚುಳ್ಳಿಯ ಫೋಟೊಗೆ ಅದಕ್ಕೆ ಮೀನಿನ ಆಸೆ ತೋರಿಸುವುದು ಬೇಡ. ಗದ್ದೆಯಂಚಿನಲ್ಲಿ ಆಳೆತ್ತರದ ಗೂಟ ನೆಡಿ. ಬಿಳಿ ಎದೆಯ ಮಿಂಚುಳ್ಳಿ ಮಿಡತೆ, ಏಡಿಗಳನ್ನೂ ತಿನ್ನುವುದರಿಂದ ಅಲ್ಲಿಗೆ ಬರುತ್ತದೆ. ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿರಲಿ, ಶಟರ್ ವೇಗ 1/2000 ಸೆಕೆಂಡ್ ಇಡಿ.