ಅಮೆರಿಕದ ಬೇಸ್‌ಬಾಲ್‌ನ ಎರಡು ಲೀಗ್‌ಗಳ ಪೈಕಿ ಅಮೆರಿಕನ್ ಲೀಗ್‌ನಲ್ಲಿ ಬ್ಯಾಟಿಂಗ್ ಜೋರು, ನ್ಯಾಷನಲ್ ಲೀಗ್‌ನಲ್ಲಿ ಪಿಚಿಂಗ್ (ಚೆಂಡೆಸೆತ) ಜೋರು ಅನ್ನುವುದು ನಿಜವೇ?

ಅಂಕಿಅಂಶದಲ್ಲಿ ಬಹಳ ವರ್ಷ ಹಾಗೇ ಕಾಣುತ್ತಿತ್ತು. ಆದರೆ ಅದರಲ್ಲಿ ನಿಯಮದ ಪಾಲು ಜಾಸ್ತಿ. 1973ರಿಂದ ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಬದಲು ಬ್ಯಾಟ್ ಮಾಡಲೆಂದೇ ಒಬ್ಬ ಇರುತ್ತಾನೆ. ಅವನೇ ಡಿಎಚ್ (ಡೆಸಿಗ್ನೇಟೆಡ್ ಹಿಟ್ಟರ್). ನ್ಯಾಷನಲ್ ಲೀಗ್‌ನಲ್ಲಿ, 2020ರ ಕೊರೊನಾ ಸೀಸನ್ ಬಿಟ್ಟರೆ, 2021ರವರೆಗೂ ಪಿಚರೇ ಬ್ಯಾಟ್ ಹಿಡಿಯಬೇಕಿತ್ತು. ಆ ವರ್ಷ ಪಿಚರ್‌ಗಳ ಬ್ಯಾಟಿಂಗ್ ಸರಾಸರಿ .110, ಅಂದರೆ ನೂರು ಸಲಕ್ಕೆ ಹನ್ನೊಂದು ಹಿಟ್ ಅಷ್ಟೇ! ಕ್ರಿಕೆಟ್‌ನ ಹನ್ನೊಂದನೇ ಆಟಗಾರ ಪದೇ ಪದೇ ಕ್ರೀಸಿಗೆ ಬಂದರೆ ಬೌಲರ್‌ಗೆ ಹಬ್ಬ ಅಲ್ವಾ?

ಪಿಚರ್ ರೋಜರ್ ಕ್ಲೆಮೆನ್ಸ್ ಅವರನ್ನೇ ನೋಡಿ. 2003ರಲ್ಲಿ ಅಮೆರಿಕನ್ ಲೀಗ್‌ನ ಯಾಂಕೀಸ್ ತಂಡದ ಪರ ಅವರ ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಪಿಚರ್ ಖಾತೆಗೆ ಬೀಳುವ ರನ್, 3.91 ಇತ್ತು. ಮರುವರ್ಷ, ಆಗ ನ್ಯಾಷನಲ್ ಲೀಗ್‌ನಲ್ಲಿದ್ದ ಆಸ್ಟ್ರೋಸ್‌ಗೆ ಹೋದರು, 2.98ಕ್ಕೆ ಇಳಿಯಿತು. ವಯಸ್ಸು ನಲವತ್ತು ದಾಟಿದ ಮೇಲೆ!

ಹಾಗಾಗಿ ಇಆರ್‌ಎ ಹೋಲಿಸುವುದಕ್ಕಿಂತ ಎರಡೂ ಲೀಗ್ ಮುಖಾಮುಖಿಯಾದ ಪಂದ್ಯಗಳನ್ನು ನೋಡುವುದು ವಾಸಿ. ಮಾಮೂಲಿ ಸೀಸನ್‌ನಲ್ಲಿ ಇವು ಶುರುವಾದದ್ದು 1997ರಲ್ಲಿ. 2004ರಿಂದ 2017ರವರೆಗೆ ಪ್ರತಿ ವರ್ಷವೂ ಅಮೆರಿಕನ್ ಲೀಗ್‌ನದೇ ಮೇಲುಗೈ. 2006ರಲ್ಲಂತೂ 154–98! ಅಲ್ಲಿನ ಪಿಚಿಂಗ್ ಕಳಪೆಯಾಗಿದ್ದರೆ ಇದು ಆಗುತ್ತಲೇ ಇರಲಿಲ್ಲ.

2022ರಿಂದ ಎರಡೂ ಕಡೆ ಡಿಎಚ್ ಇದೆ. ಈಗಿನ ಅಂಕಿಗಳನ್ನು ಹೆಚ್ಚುಕಮ್ಮಿ ನೇರವಾಗಿಯೇ ಹೋಲಿಸಬಹುದು.